ಮೂರು ವಾದ್ಯ, ಒಂದೇ ಉಸಿರು

ಅಮೆರಿಕದ ಜಾಝ್ ವಾದಕ ರಾಸಾನ್ ರೋಲಂಡ್ ಕರ್ಕ್ ಅವರ ಸಂಗೀತವನ್ನು ನಾನು ಮೊದಲ ಸಲ ಕೇಳಿದಾಗ ಅವರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದೆ. ಮೊದಲು ಸಣ್ಣ ಗಂಟೆಗಳಂಥ ಸದ್ದು ಕೇಳಿಸಿತು. ಆಮೇಲೆ ಮೂರು ಊದುವ ವಾದ್ಯಗಳು ಒಟ್ಟಿಗೆ ಮೇಲೆದ್ದು, ಅಳುವನ್ನು ಗಂಟಲಲ್ಲೇ ತಡೆದು ಹಿಡಿದಂಥ ಒಂದು ಸ್ವರಗುಚ್ಛದ ಮೇಲೆ ನಿಂತವು. ವಾದಕರು ಮೂವರು ಎಂದು ನನ್ನ ಕಿವಿ ಎಣಿಸಿತು. ಆದರೆ ಒಂದು ಸಂಗತಿ ಮಾತ್ರ ಒಗಟಾಗಿ ಉಳಿಯಿತು. ಮೂವರು ಎಷ್ಟೇ ಪಳಗಿದವರಾದರೂ ಸ್ವರವನ್ನು ಎತ್ತುವಲ್ಲಿ, ಬಿಡುವಲ್ಲಿ ಕೂದಲೆಳೆಯಷ್ಟಾದರೂ ಹಿಂದುಮುಂದಾಗುತ್ತದೆ. ಇಲ್ಲಿ ಮೂರೂ ಒಂದೇ ಗಳಿಗೆಗೆ ಹುಟ್ಟಿ, ಒಂದೇ ಗಳಿಗೆಗೆ ಉಬ್ಬಿ, ಒಂದೇ ಗಳಿಗೆಗೆ ಬತ್ತುತ್ತಿದ್ದವು. ಅದು 1967ರ ನವೆಂಬರಿನಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಅಟ್ಲಾಂಟಿಕ್ ಸಂಸ್ಥೆಯಿಂದ ಹೊರಬಂದ ‘ದಿ ಇನ್‌ಫ್ಲೇಟೆಡ್ ಟಿಯರ್’ ಎಂಬ ಆಲ್ಬಮ್ಮಿನ ಶೀರ್ಷಿಕೆ ರಚನೆ. ಅಲ್ಲಿ ಊದುತ್ತಿದ್ದವರು ಒಬ್ಬರೇ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಅವರನ್ನು ನಾನು ಹೀಗೆ ಎದುರುಗೊಂಡದ್ದು ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ. ಕರ್ಕ್ ಅವರನ್ನು ಮೊದಲು ನೋಡಿದವರಿಗೂ ಮೊದಲು ಕೇಳಿದವರಿಗೂ ದಕ್ಕುವ ಕಲಾವಿದ ಒಬ್ಬನೇ ಅಲ್ಲ. ಕಪ್ಪು ಕನ್ನಡಕ ತೊಟ್ಟ ಅಂಧ ವಾದಕ, ಕೊರಳಿನಿಂದ ಇಳಿಬಿದ್ದ ಮೂರು ಸ್ಯಾಕ್ಸೋಫೋನುಗಳು, ಮೂಗಿಗೆ ಹಿಡಿದ ಕೊಳಲು, ನಡುನಡುವೆ ಕಿರುಚುವ ಸೈರನ್ ಸೀಟಿ: ಈ ನೋಟ ಕಣ್ಣಿಗೆ ಬಿದ್ದೊಡನೆ ‘ಗಿಮಿಕ್’ ಎಂಬ ಪದ ತಾನಾಗಿಯೇ ನಾಲಗೆಗೆ ಬರುತ್ತದೆ, ಆ ಪದ ಒಮ್ಮೆ ಬಂತೆಂದರೆ ಕಿವಿ ಅರ್ಧ ಮುಚ್ಚಿದಂತೆಯೇ. ಅಮೆರಿಕದ ವಿಮರ್ಶಕರಲ್ಲಿ ಹಲವರಿಗೆ ಆದದ್ದು ಇದೇ. ಮೂರು ವಾದ್ಯಗಳನ್ನು ಒಟ್ಟಿಗೆ ಊದುವುದು ಕರ್ಕ್ ಅವರಿಗೆ ಪ್ರದರ್ಶನದ ತಂತ್ರವಾಗಿರಲಿಲ್ಲ, ಒಳಗೆ ಕೇಳುತ್ತಿದ್ದ ನಾದವನ್ನು ಹೊರಗೆ ತರಲು ಅವರು ಕಂಡುಕೊಂಡ ದಾರಿಯಾಗಿತ್ತು ಎಂಬುದನ್ನು ಅವರ ಬದುಕಿನ ಜಾಡಿನಲ್ಲೇ ನಡೆದು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅವರು ಹುಟ್ಟಿದ್ದು 1935ರ ಆಗಸ್ಟ್ 7ರಂದು, ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ಇಟ್ಟ ಹೆಸರು ರೊನಾಲ್ಡ್ ಥಿಯೋಡೋರ್ ಕರ್ಕ್. ಎರಡು ವರ್ಷದ ಮಗುವಾಗಿದ್ದಾಗಲೇ ದೃಷ್ಟಿ ಹೋಯಿತು. ಕಣ್ಣಿಗೆ ಸಿಕ್ಕ ತಪ್ಪು ಚಿಕಿತ್ಸೆಯೇ ಅದಕ್ಕೆ ಕಾರಣವೆಂದು ಅವರು ಹೇಳುತ್ತಿದ್ದರು. ನಾನು ಮೊದಲು ಕೇಳಿದ ಆ ರಚನೆಯ ಹೆಸರಿನಲ್ಲಿರುವ ಉಬ್ಬಿದ ಕಣ್ಣೀರ ಹನಿ ಆ ಎಳೆತನದ ಗಾಯದ್ದೇ. ಕಾಣದ ಮಗುವಿಗೆ ಲೋಕ ಬರುವುದು ಸದ್ದಾಗಿ. ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನ ತುಂಡನ್ನು ತುಟಿಗಿಟ್ಟು ಕಹಳೆಯಂತೆ ಊದುವುದರಿಂದ ಅವರ ಸಂಗೀತ ಶುರುವಾಯಿತು. ಮುಂದೆ ಒಹಾಯೋ ರಾಜ್ಯದ ಅಂಧರ ಶಾಲೆಯಲ್ಲಿ ಓದುತ್ತಲೇ ವಾದ್ಯಗಳನ್ನು ಕಲಿತರು; ಹದಿಹರೆಯದಲ್ಲೇ ರಿದಮ್ ಅಂಡ್ ಬ್ಲೂಸ್ ತಂಡಗಳಲ್ಲಿ ನುಡಿಸತೊಡಗಿದರು.

ಅವರ ಬದುಕಿನ ದೊಡ್ಡ ತಿರುವುಗಳೆಲ್ಲ ಕನಸುಗಳಿಂದ ಬಂದವು. ಕನಸೊಂದರ ಮಾತು ಕೇಳಿ ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿ ರೊನಾಲ್ಡ್ ಹೋಗಿ ರೋಲಂಡ್ ಆದರು. 1970ರ ಹೊತ್ತಿಗೆ ಇನ್ನೊಂದು ಕನಸಿನಿಂದ ‘ರಾಸಾನ್’ ಎಂಬುದನ್ನು ಹೆಸರಿನ ಮುಂದೆ ಸೇರಿಸಿಕೊಂಡರು. ಈ ಎರಡರ ನಡುವೆ, ಅಥವಾ ಎರಡಕ್ಕಿಂತಲೂ ಮಿಗಿಲಾಗಿ, ಹದಿಹರೆಯದಲ್ಲಿ ಬಿದ್ದ ಒಂದು ಕನಸು ಇದೆ. ತಾನು ಮೂರು ವಾದ್ಯಗಳನ್ನು ಒಟ್ಟಿಗೆ ಊದುತ್ತಿರುವಂತೆ ಅವರು ಕನಸು ಕಂಡರು. ಕನಸಿನಲ್ಲಿ ಕೇಳಿಸಿದ ಆ ನಾದವನ್ನು ಹುಡುಕಿಕೊಂಡು ವಾದ್ಯಗಳ ಅಂಗಡಿಗೆ ಹೋಗಿ, ನೆಲಮಾಳಿಗೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಳೆಯ ವಾದ್ಯಗಳನ್ನು ಕೈಯಿಂದ ತಡವಿ ನೋಡಿದರು. ಸಿಕ್ಕಿದ್ದು ಎರಡು ವಾದ್ಯಗಳು. ಒಂದನ್ನು ಅವರು ಮಾಂಜೆಲ್ಲೊ ಎಂದರು, ಇನ್ನೊಂದನ್ನು ಸ್ಟ್ರಿಚ್ ಎಂದರು.

ಈ ವಿಚಿತ್ರ ಹೆಸರುಗಳ ಹಿಂದೆ ಮಾಯವೇನೂ ಇಲ್ಲ. 1920ರ ದಶಕದಲ್ಲಿ ಅಮೆರಿಕಕ್ಕೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿದಿದ್ದಾಗ ತಯಾರಕರು ಬಗೆಬಗೆಯ ಆಕಾರಗಳನ್ನು ಮಾಡಿ ಮಾರುಕಟ್ಟೆಗೆ ಬಿಟ್ಟರು. ಕಿಂಗ್ ಕಂಪನಿಯ ಸ್ಯಾಕ್ಸೆಲ್ಲೊ ಅವುಗಳಲ್ಲೊಂದು. ಸೊಪ್ರಾನೊ ವರ್ಗಕ್ಕೆ ಸೇರಿದ, ತುದಿಯಲ್ಲಿ ಬಾಗಿದ ವಾದ್ಯ. ಬುಷರ್ ಕಂಪನಿ ಮಾಡಿದ ನೇರ ಕೊಳವೆಯ ಆಲ್ಟೊ ಸ್ಯಾಕ್ಸೋಫೋನ್ ಇನ್ನೊಂದು. ಹುಚ್ಚು ಇಳಿದ ಮೇಲೆ ಇವೆರಡೂ ಮೂಲೆ ಸೇರಿದವು. ಕರ್ಕ್ ಅವರ ಮಾಂಜೆಲ್ಲೊ ಈ ಸ್ಯಾಕ್ಸೆಲ್ಲೊದ ಮಾರ್ಪಟ್ಟ ರೂಪ. ಸ್ಟ್ರಿಚ್ ಎಂಬುದು ಆ ನೇರ ಆಲ್ಟೊ. ಇವೆರಡರ ಜೊತೆಗೆ ಎಲ್ಲರಿಗೂ ಪರಿಚಿತವಾದ ಟೆನರ್ ಸ್ಯಾಕ್ಸೋಫೋನನ್ನು ಸೇರಿಸಿ ಅವರು ತಮ್ಮ ಮೂವರ ಕುಟುಂಬವನ್ನು ಕಟ್ಟಿಕೊಂಡರು.

ಇಲ್ಲಿ ಸ್ವಲ್ಪ ನಿಂತು, ಮೂರನ್ನು ಒಟ್ಟಿಗೆ ನುಡಿಸುವುದೆಂದರೆ ಏನೆಂದು ಹೇಳಬೇಕು. ಗಿಮಿಕ್ ಎಂದವರು ಹೆಚ್ಚಾಗಿ ಯೋಚಿಸದೆ ಬಿಟ್ಟದ್ದು ಇದನ್ನೇ. ಸ್ಯಾಕ್ಸೋಫೋನ್ ಎರಡು ಕೈಗಳ ವಾದ್ಯ. ಮೇಲ್ಭಾಗದ ಕೀಗಳು ಎಡಗೈಗೆ, ಕೆಳಭಾಗದವು ಬಲಗೈಗೆ ಸೇರಿದವು. ಎಡಗೈಯ ಬೆರಳುಗಳು ಮೇಲಿನ ರಂಧ್ರಗಳನ್ನು ಮುಚ್ಚಿ ಹಿಡಿದಿದ್ದರೆ ಮಾತ್ರ ಬಲಗೈಯ ಬೆರಳುಗಳು ಸ್ವರವನ್ನು ಇನ್ನೂ ಕೆಳಕ್ಕೆ ಇಳಿಸಬಲ್ಲವು. ಹಾಗಾಗಿ ಎರಡು ವಾದ್ಯಗಳನ್ನು ಒಂದೊಂದು ಕೈಗೆ ಕೊಟ್ಟರೆ ಪ್ರತಿಯೊಂದರಲ್ಲೂ ಅರ್ಧ ಸ್ವರಗಳು ಕೈತಪ್ಪುತ್ತವೆ. ಮೂರನೆಯದಕ್ಕಂತೂ ಕೈಯೇ ಉಳಿಯುವುದಿಲ್ಲ. ಅದು ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದು ನಿಲ್ಲಬೇಕು. ಕರ್ಕ್ ಕೀಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡರು, ಆದರೂ ಒಂದು ಕೈಗೆ ಎಟುಕುವ ಸ್ವರಗಳು ಕೆಲವೇ. ಆ ಕೆಲವೇ ಸ್ವರಗಳಿಂದ ಯಾವ ಜೋಡಣೆಗಳು ಹುಟ್ಟುತ್ತವೆ, ಯಾವುದರಿಂದ ಯಾವುದಕ್ಕೆ ಸಾಗಬಹುದು ಎಂಬುದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿರಬೇಕು. ಅದರ ಮೇಲೆ ಮೂರು ಮೌತ್‌ಪೀಸುಗಳನ್ನು ಒಂದೇ ಬಾಯಲ್ಲಿ ತುಂಬಿಕೊಂಡು, ಉಸಿರಿಗೆ ಕಂಪಿಸಿ ನಾದ ಹುಟ್ಟಿಸುವ, ಬೇರೆಬೇರೆ ಗಾತ್ರದ ಮೂರು ರೀಡುಗಳಿಗೂ (ತೆಳು ಪಟ್ಟಿಗಳಿಗೂ) ಅವುಗಳಿಗೆ ಬೇಕಾದಷ್ಟೇ ತುಟಿಯ ಒತ್ತಡವನ್ನು ಹಂಚಬೇಕು. ಒಂದಕ್ಕೆ ಒತ್ತಡ ಹೆಚ್ಚಾದರೆ ಇನ್ನೊಂದು ಅಪಸ್ವರ ನುಡಿಯುತ್ತದೆ. ಬರೀ ಜನರನ್ನು ಬೆರಗುಗೊಳಿಸುವುದೇ ಉದ್ದೇಶವಾಗಿದ್ದರೆ ಇದಕ್ಕಿಂತ ಸುಲಭದ ದಾರಿಗಳು ಎಷ್ಟೋ ಇದ್ದವು.

ಉಸಿರಿನದು ಇನ್ನೊಂದು ಅಧ್ಯಾಯ. ಕೆನ್ನೆಗಳಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಅದನ್ನು ವಾದ್ಯದೊಳಕ್ಕೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುವ ಚಕ್ರೀಯ ಉಸಿರಾಟ ಅವರಿಗೆ ಪೂರ್ಣವಾಗಿ ಸಿದ್ಧಿಸಿತ್ತು. ಹಾವಾಡಿಗರ ಪುಂಗಿಯನ್ನು ಕೇಳಿದವರಿಗೆ ಇದು ಅಪರಿಚಿತವಲ್ಲ. ಅಲ್ಲೂ ನಾದ ಮುರಿಯುವುದಿಲ್ಲ. 1973ರಲ್ಲಿ ಬಂದ ಆಲ್ಬಮ್ಮೊಂದರ ‘ಸ್ಯಾಕ್ಸೋಫೋನ್ ಕನ್ಸರ್ಟೊ’ದಲ್ಲಿ ಅವರು 20 ನಿಮಿಷಗಳಿಗೂ ಹೆಚ್ಚು ಕಾಲ ಉಸಿರಿಗಾಗಿ ಎಲ್ಲಿಯೂ ನಿಲ್ಲದೆ ನುಡಿಸುತ್ತಾರೆ. ಅಷ್ಟು ದೀರ್ಘವಾದದ್ದನ್ನು ನಾನು ಪ್ರತಿ ಸಲವೂ ಪೂರ್ತಿ ಕೇಳುತ್ತೇನೆಂದು ಹೇಳಲಾರೆ. ಆದರೆ ಕೇಳಿದಾಗಲೆಲ್ಲ ನನಗೇ ಅರಿವಿಲ್ಲದೆ ನನ್ನ ಉಸಿರು ಬಿಗಿಯುತ್ತದೆ.

ಧ್ವನಿಮುದ್ರಣದ ಪಯಣ 1956ರಲ್ಲಿ ಕಿಂಗ್ ರೆಕಾರ್ಡ್ಸ್‌ಗಾಗಿ ಮಾಡಿದ ‘ಟ್ರಿಪಲ್ ಥ್ರೆಟ್’ನಿಂದ ಶುರುವಾಯಿತು, ಅದನ್ನು ಆಗ ಗಮನಿಸಿದವರು ಕಡಿಮೆ. 1960ರಲ್ಲಿ ಆರ್ಗೊ ಸಂಸ್ಥೆಗೆ, ಮರುವರ್ಷ ಪ್ರೆಸ್ಟೀಜ್‌ಗೆ, ಆಮೇಲೆ ಮರ್ಕ್ಯುರಿಗೆ ಒಂದೊಂದಾಗಿ ಆಲ್ಬಮ್ಮುಗಳು ಬಂದವು. 1961ರ ಕೊನೆಯಲ್ಲಿ ಅವರು ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ ಕೆಲವು ತಿಂಗಳು ಇದ್ದರು. ಆಗ ಮುದ್ರಣಗೊಂಡ ‘ಓ ಯೆಹ್’ ಆಲ್ಬಮ್ಮಿನಲ್ಲಿ ಮಿಂಗಸ್ ತಮ್ಮ ಬಾಸನ್ನು ಬೇರೊಬ್ಬರಿಗೆ ಕೊಟ್ಟು ಪಿಯಾನೊ ನುಡಿಸುತ್ತಾರೆ, ಹಾಡುತ್ತಾರೆ, ಕೂಗುತ್ತಾರೆ. ಚರ್ಚಿನ ಉನ್ಮಾದ ಮತ್ತು ಬ್ಲೂಸಿನ ಗಾಢತೆ ಎರಡೂ ಬೆರೆತ ಆ ಗದ್ದಲದ ನಡುವೆ ಕರ್ಕ್ ಅವರ ಸೈರನ್ ಸೀಟಿ ಎಷ್ಟು ಸಹಜವಾಗಿ ಕೇಳುತ್ತದೆಂದರೆ, ಜಾಝ್ ಸಂಗೀತಕ್ಕೆ ಅದು ಮೊದಲಿನಿಂದಲೂ ಸೇರಿತ್ತೇನೋ ಅನ್ನಿಸುತ್ತದೆ.

ಕೊಳಲಿನಲ್ಲಿ ಅವರದು ಬೇರೆಯದೇ ವ್ಯಕ್ತಿತ್ವ. ಊದುತ್ತಲೇ ಗಂಟಲಿನಿಂದ ಗುನುಗುವುದು, ಮಾತಾಡುವುದು, ಕಂಠ ಮತ್ತು ಕೊಳಲು ಒಂದನ್ನೊಂದು ಉಜ್ಜಿಕೊಂಡು ಕಿಡಿ ಹಾರಿಸುವಂತೆ ನುಡಿಸುವುದು ಅವರ ರೀತಿ. ಈ ಕ್ರಮವನ್ನು ಜಾಝ್‌ನಲ್ಲಿ ಅವರಿಗಿಂತ ಮೊದಲೇ ಕೆಲವರು ಬಳಸಿದ್ದರೂ, ಅದಕ್ಕೆ ಆ ಬಿಸುಪು ಬಂದದ್ದು ಇವರಿಂದ. 1962ರಲ್ಲಿ ಕ್ವಿನ್ಸಿ ಜೋನ್ಸ್ ಅವರ ‘ಸೋಲ್ ಬೋಸಾ ನೋವಾ’ದಲ್ಲಿ ಕೇಳುವ ತುಂಟ ಕೊಳಲು ಕರ್ಕ್ ಅವರದೇ, ದಶಕಗಳ ನಂತರ ಒಂದು ಜನಪ್ರಿಯ ಹಾಸ್ಯ ಚಲನಚಿತ್ರದ ಮೂಲಕ ಅದು ಜಗತ್ತಿಗೆಲ್ಲ ಕೇಳಿಸಿತು, ಊದಿದವರ ಹೆಸರು ಮಾತ್ರ ಹೆಚ್ಚಿನವರಿಗೆ ತಿಳಿಯಲಿಲ್ಲ. ಕೊಳಲಿಗೇ ಮೀಸಲಾದ ಅವರ ಆಲ್ಬಮ್ಮಿನಿಂದ ‘ಸೆರನೇಡ್ ಟು ಅ ಕುಕೂ’ ಎಂಬ ರಚನೆಯನ್ನು ಎತ್ತಿಕೊಂಡು ಜೆತ್ರೊ ಟಲ್ ಎಂಬ ಬ್ರಿಟಿಷ್ ರಾಕ್ ತಂಡ 1968ರಲ್ಲಿ ತನ್ನ ಮೊದಲ ಆಲ್ಬಮ್ಮಿನಲ್ಲಿ ನುಡಿಸಿತು. ರಾಕ್ ಸಂಗೀತದೊಳಗೆ ಕೊಳಲು ಅಷ್ಟು ಒರಟಾಗಿ, ಅಷ್ಟು ಧೈರ್ಯವಾಗಿ ನಿಂತದ್ದರ ಹಿಂದೆ ಕರ್ಕ್ ಅವರ ಉಸಿರಿದೆ.

ನನಗೆ ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಪೂರ್ವಿಕರ ಬಗೆಗಿನ ಅವರ ಪ್ರೀತಿ. 1960ರ ದಶಕದ ನಡುಭಾಗದಲ್ಲಿ ಜಾಝ್ ಲೋಕದ ಹೊಸ ತಲೆಮಾರು ಹಳೆಯ ಸ್ವರಸಂಬಂಧಗಳನ್ನು ಮುರಿದು ಮುಂದೆ ಹೋಗುತ್ತಿತ್ತು. ಕರ್ಕ್ ಆ ಮುರಿಯುವಿಕೆಗೆ ಹಿಂಜರಿದವರಲ್ಲ, ಆದರೆ ಹಳೆಯದನ್ನು ಬಿಟ್ಟು ಬರುವುದಕ್ಕೆ ಒಪ್ಪಲಿಲ್ಲ. 1965ರ ಜನವರಿಯಲ್ಲಿ ಪಿಯಾನೊ ವಾದಕ ಜಾಕಿ ಬಯಾರ್ಡ್, ಬಾಸ್ ವಾದಕ ರಿಚರ್ಡ್ ಡೇವಿಸ್, ಡ್ರಮ್ ವಾದಕ ಎಲ್ವಿನ್ ಜೋನ್ಸ್ ಅವರ ಜೊತೆ ಮುದ್ರಿಸಿದ ‘ರಿಪ್, ರಿಗ್ ಅಂಡ್ ಪ್ಯಾನಿಕ್’ ಆಲ್ಬಮ್ಮಿನಲ್ಲಿ ಒಂದು ಕಡೆ ಗಾಜು ಒಡೆಯುವ ಸದ್ದಿದೆ, ಎಲೆಕ್ಟ್ರಾನಿಕ್ ಧ್ವನಿಗಳಿವೆ. ಇನ್ನೊಂದು ಕಡೆ ಲೆಸ್ಟರ್ ಯಂಗ್ ಅವರಿಗೆ ಸಲ್ಲಿಸಿದ ನಮನವಿದೆ, ಸಿಡ್ನಿ ಬೆಶೇ, ಡಾನ್ ಬಯಾಸ್, ಫ್ಯಾಟ್ಸ್ ವಾಲರ್ ಮೂವರ ನೆನಪಿಗೆ ಕಟ್ಟಿದ ರಚನೆಯಿದೆ. ನನ್ನ ಅಭಿಪ್ರಾಯದಲ್ಲಿ ಅವರ ಆಲ್ಬಮ್ಮುಗಳಲ್ಲಿ ಇದೇ ಶಿಖರ. ‘ದಿ ಇನ್‌ಫ್ಲೇಟೆಡ್ ಟಿಯರ್’ನಲ್ಲಿ ಡ್ಯೂಕ್ ಎಲಿಂಗ್‌ಟನ್ ಅವರ 1920ರ ದಶಕದ ‘ಕ್ರಿಯೋಲ್ ಲವ್ ಕಾಲ್’ ಅನ್ನು ಕ್ಲಾರಿನೆಟ್ ಮತ್ತು ಟೆನರ್ ಎರಡನ್ನೂ ಒಟ್ಟಿಗೆ ಊದಿ ನುಡಿಸಿದ್ದಾರೆ. ಎಲಿಂಗ್‌ಟನ್ ತಮ್ಮ ವಾದ್ಯವೃಂದದ ವಾದಕರ ಸಾಲಿಗೆ ಹಂಚಿ ಪಡೆಯುತ್ತಿದ್ದ ನಾದದ ಬಣ್ಣವನ್ನು ಒಂದೇ ಬಾಯಿ ಹುಡುಕುತ್ತಿರುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಮೂರು ವಾದ್ಯ ಯಾಕೆ ಎಂಬ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ: ಅವರ ತಲೆಯೊಳಗೆ ಒಬ್ಬ ವಾದಕನಲ್ಲ, ಇಡೀ ವಾದ್ಯವೃಂದವೇ ನುಡಿಯುತ್ತಿತ್ತು.

ಜಾಝ್ ಜಗತ್ತು ಅವರನ್ನು ಮನ್ನಿಸಲಿಲ್ಲವೆಂದಲ್ಲ. ಡೌನ್‌ಬೀಟ್ ಪತ್ರಿಕೆಯ ವಾರ್ಷಿಕ ಮತದಾನಗಳಲ್ಲಿ ಅವರು ಮತ್ತೆ ಮತ್ತೆ ಗೆದ್ದರು. ಗೆದ್ದ ವಿಭಾಗದ ಹೆಸರು ‘ಇತರ ವಾದ್ಯಗಳು’. ಆ ‘ಇತರ’ ಎಂಬ ಪದದ ಕಡೆಗೆ ನನ್ನ ಗಮನ ಹೋಗುತ್ತಲೇ ಇರುತ್ತದೆ. ಟೆನರ್ ಸ್ಯಾಕ್ಸೋಫೋನ್ ಒಂದನ್ನೇ ಹಿಡಿದು ನಿಂತಿದ್ದರೂ ಅವರು ತಮ್ಮ ಕಾಲದ ದೊಡ್ಡ ವಾದಕರ ಸಾಲಿಗೆ ಸೇರುವವರೇ. ಇದಕ್ಕೆ ಸಾಕ್ಷಿಯಾಗಿ 1974ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮಿಂಗಸ್ ಅವರು ನಡೆಸಿದ ಕಛೇರಿಯ ಧ್ವನಿಮುದ್ರಣವನ್ನು ಕೇಳಬೇಕು. ಎಲಿಂಗ್‌ಟನ್ ಅವರ ‘ಸಿ ಜ್ಯಾಮ್ ಬ್ಲೂಸ್’ನಲ್ಲಿ ಒಬ್ಬರಾದ ಮೇಲೊಬ್ಬರು ಸ್ಯಾಕ್ಸೋಫೋನ್ ವಾದಕರು ಎದ್ದು ನಿಲ್ಲುತ್ತಾರೆ. ಜಾರ್ಜ್ ಆಡಮ್ಸ್ ವಾದ್ಯದ ಎತ್ತರದ ಸ್ವರಗಳಲ್ಲಿ ಚೀರುತ್ತ ಸಭೆಯನ್ನು ಎಬ್ಬಿಸಿದ ಬಳಿಕ ಕರ್ಕ್ ಬರುತ್ತಾರೆ. ಆ ಚೀರುಗಳನ್ನೇ ಎತ್ತಿಕೊಂಡು ಮರಳಿಸುತ್ತಾರೆ, ಉಸಿರು ಮುರಿಯದೆ ಅವನ್ನು ಎಳೆಯುತ್ತಾರೆ, ಹಳೆಯ ಬ್ಲೂಸಿನ ನೆಲಕ್ಕೆ ಇಳಿಸಿ ಮತ್ತೆ ಹಾರಿಸುತ್ತಾರೆ. ಸಭಿಕರ ಕೂಗು ಆ ಮುದ್ರಣದಲ್ಲಿ ಕೇಳುತ್ತದೆ.

ಕರ್ಕ್ ‘ಜಾಝ್’ ಎಂಬ ಪದವನ್ನು ಒಪ್ಪುತ್ತಿರಲಿಲ್ಲ. ‘ಕಪ್ಪು ಜನರ ಶಾಸ್ತ್ರೀಯ ಸಂಗೀತ’ ಎಂಬ ಮಾತು ಅವರಿಗೆ ಪ್ರಿಯವಾಗಿತ್ತು. ತಾವು ಗೌರವಿಸುವ ಆ ಪರಂಪರೆ ದೂರದರ್ಶನದ ಪರದೆಯ ಮೇಲೆ ಎಲ್ಲಿಯೂ ಇಲ್ಲವೆಂಬ ಸಿಟ್ಟಿನಿಂದ 1970ರಲ್ಲಿ ಅವರು ಟ್ರಂಪೆಟ್ ವಾದಕ ಲೀ ಮಾರ್ಗನ್ ಮೊದಲಾದವರೊಡನೆ ‘ಜಾಝ್ ಅಂಡ್ ಪೀಪಲ್ಸ್ ಮೂವ್‌ಮೆಂಟ್’ ಎಂಬ ಚಳವಳಿಯನ್ನು ಕಟ್ಟಿದರು. ಕಲಾವಿದರು ಪ್ರೇಕ್ಷಕರಂತೆ ಟೆಲಿವಿಷನ್ ಸ್ಟುಡಿಯೊ ಹೊಕ್ಕು, ಮರ್ವ್ ಗ್ರಿಫಿನ್ ಅವರ ಕಾರ್ಯಕ್ರಮದ ಮುದ್ರಣ ನಡೆಯುತ್ತಿರುವಾಗಲೇ ಅಡಗಿಸಿ ತಂದ ಸೀಟಿಗಳನ್ನೂ ಪುಟ್ಟ ವಾದ್ಯಗಳನ್ನೂ ಊದಿ ಅದನ್ನು ನಿಲ್ಲಿಸಿದರು. ಇಂಥ ಪ್ರತಿಭಟನೆಗಳ ಬಳಿಕ 1971ರ ಜನವರಿಯಲ್ಲಿ ಎಡ್ ಸಲಿವನ್ ಅವರ ಕಾರ್ಯಕ್ರಮಕ್ಕೆ ಆಹ್ವಾನ ಬಂತು. ಮಿಂಗಸ್, ಆರ್ಚಿ ಶೆಪ್, ರಾಯ್ ಹೇನ್ಸ್ ಅವರನ್ನು ಜೊತೆಗೆ ಕರೆದುಕೊಂಡು ಹೋದ ಕರ್ಕ್ ಅಲ್ಲಿ ಮಿಂಗಸ್ ಅವರ ‘ಹೈಟಿಯನ್ ಫೈಟ್ ಸಾಂಗ್’ ನುಡಿಸಿದರು. ಕುಟುಂಬಗಳು ಒಟ್ಟಿಗೆ ಕುಳಿತು ನೋಡುವ ಮನರಂಜನೆಯ ಕಾರ್ಯಕ್ರಮದಲ್ಲಿ, ಗುಲಾಮರ ಬಂಡಾಯದಿಂದ ಹುಟ್ಟಿದ ದೇಶದ ಹೆಸರು ಹೊತ್ತ ಆ ರಚನೆಯನ್ನು ಆರಿಸಿಕೊಂಡದ್ದರಲ್ಲೇ ಅವರ ಸ್ವಭಾವವಿದೆ.

ಅದೇ ಹಟ 1972ರ ‘ಬ್ಲ್ಯಾಕ್‌ನಸ್’ನಲ್ಲಿ ಬೇರೆ ರೂಪ ಪಡೆಯಿತು. ಮಾರ್ವಿನ್ ಗೇ, ಬಿಲ್ ವಿದರ್ಸ್ ಮೊದಲಾದವರ ಆ ಕಾಲದ ಜನಪ್ರಿಯ ಹಾಡುಗಳನ್ನು ಅಲ್ಲಿ ಅವರು ಕೀಳೆಂದು ತಳ್ಳದೆ ಎತ್ತಿಕೊಂಡರು. ಶೀರ್ಷಿಕೆ ರಚನೆಯಲ್ಲಿ ಪಿಯಾನೊದ 36 ಕಪ್ಪು ಮನೆಗಳನ್ನು ಕೊಂಡಾಡಿದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕೀಸ್ಟೋನ್ ಕಾರ್ನರ್ ಕ್ಲಬ್ಬಿನಲ್ಲಿ ಮುದ್ರಿಸಿದ ‘ಬ್ರೈಟ್ ಮೊಮೆಂಟ್ಸ್’ ಕೇಳಿದರೆ ಅವರು ವೇದಿಕೆಯ ಮೇಲೆ ಹೇಗೆ ಮಾತಾಡುತ್ತಿದ್ದರೆಂಬುದು ತಿಳಿಯುತ್ತದೆ: ಅರ್ಧ ಪ್ರವಚನ, ಅರ್ಧ ಹರಟೆ, ಮಾತು ಮುಗಿಯುವ ಮೊದಲೇ ಸಂಗೀತ. 1975ರ ‘ಮೂರು ಮಗ್ಗುಲಿನ ಕನಸು’ ಎಂಬರ್ಥದ ಹೆಸರಿನ ಆಲ್ಬಮ್ಮಿನೊಳಕ್ಕೆ ಹೋಗಲು ಮಾತ್ರ ನನಗೆ ಇನ್ನೂ ಆಗಿಲ್ಲ. ಹಾಡುಗಳ ನಡುವೆ ಹೆಣೆದಿರುವ ಕನಸಿನ ತುಣುಕುಗಳು ಕೇಳುವ ಓಘವನ್ನು ಕತ್ತರಿಸುತ್ತವೆ.

ಅದೇ 1975ರ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ದೇಹದ ಬಲಭಾಗ ಸ್ವಾಧೀನ ತಪ್ಪಿತು. ಎರಡು ಕೈಗಳಿಂದ ಮೂರು ವಾದ್ಯ ನುಡಿಸಿದವರಿಗೆ ಒಂದೇ ಕೈ ಉಳಿಯಿತು. ಸ್ಯಾಕ್ಸೋಫೋನಿನ ಮೇಲೆ ಬಲಗೈಯ ಕೆಲಸವೇನೆಂದು ಆಗಲೇ ಬರೆದಿದ್ದೇನೆ. ಎಡಗೈ ಒಂದಕ್ಕೇ ಬಿಟ್ಟರೆ ಕೆಳಗಿನ ಸ್ವರಗಳೆಲ್ಲ ಹೋಗುತ್ತವೆ. ಆದರೆ ಒಂದೊಂದು ಕೈಗೆ ಒಂದೊಂದು ವಾದ್ಯವನ್ನು ಒಗ್ಗಿಸುವ ಕೆಲಸವನ್ನೇ ಕರ್ಕ್ ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದಿದ್ದರು. ಒಂದೇ ಕೈಗೆ ಎಟುಕುವಂತೆ ವಾದ್ಯವನ್ನು ಮಾರ್ಪಡಿಸಿಕೊಂಡರು, ಮತ್ತೆ ವೇದಿಕೆ ಹತ್ತಿದರು, ಸಾಗರದಾಚೆಗೂ ಪ್ರವಾಸ ಮಾಡಿದರು. ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನ ಕಛೇರಿಯಲ್ಲಿ ಆ ಸ್ಥಿತಿಯಲ್ಲೂ ಎರಡು ವಾದ್ಯಗಳನ್ನು ಒಟ್ಟಿಗೆ ಊದಿದರು. ಆ ಕೊನೆಯ ವರ್ಷಗಳಲ್ಲಿ ಅವರ ತಂಡದಲ್ಲಿ ನುಡಿಸಿದವರಲ್ಲಿ ಟ್ರೊಂಬೋನ್ ವಾದಕ ಸ್ಟೀವ್ ಟರೆ ಒಬ್ಬರು. ಶಂಖವನ್ನು ಜಾಝ್ ವಾದ್ಯವಾಗಿ ಬೆಳೆಸಿ ಮುಂದೆ ಹೆಸರಾದ ಟರೆ ಅವರಿಗೆ ಶಂಖದ ಗೀಳು ಹತ್ತಿದ್ದು ಕರ್ಕ್ ಅವರ ಒಡನಾಟದಲ್ಲೇ.

ಒಂದೇ ಕೈಯಲ್ಲಿ ನುಡಿಸಿದ ‘ಬೂಗಿ-ವೂಗಿ ಸ್ಟ್ರಿಂಗ್ ಅಲಾಂಗ್ ಫಾರ್ ರಿಯಲ್’ ಅವರ ಕೊನೆಯ ಆಲ್ಬಮ್. ಹಿಂದಿನ ಬಿರುಸು ಅಲ್ಲಿಲ್ಲ, ವಾಕ್ಯಗಳು ಚಿಕ್ಕವು, ನಡುವಿನ ಮೌನಗಳು ದೊಡ್ಡವು; ಆದರೆ ಟೆನರಿನ ಆ ತುಂಬು ಕಂಠ, ಒಂದು ಸ್ವರದ ಅಂಚನ್ನು ಅಳುವಿನ ಕಡೆಗೋ ನಗುವಿನ ಕಡೆಗೋ ಬಾಗಿಸುವ ಆ ರೀತಿ ಹಾಗೆಯೇ ಉಳಿದಿದೆ. ಕಣ್ಣು ಮುಚ್ಚಿ ಕೇಳಿದಾಗ, ಮೊದಲ ಸಲ ನನ್ನ ಕಿವಿ ವಾದಕರ ಸಂಖ್ಯೆಯನ್ನು ತಪ್ಪಾಗಿ ಎಣಿಸಿದಂತೆ, ಇಲ್ಲಿ ಕೈಗಳ ಸಂಖ್ಯೆಯನ್ನೂ ತಪ್ಪಾಗಿಯೇ ಎಣಿಸುತ್ತದೆ.

1977ರ ಡಿಸೆಂಬರ್ ಮೊದಲ ವಾರ ಅವರು ಇಂಡಿಯಾನಾ ರಾಜ್ಯದ ಬ್ಲೂಮಿಂಗ್‌ಟನ್‌ಗೆ ಹೋಗಿ ಅಲ್ಲಿನ ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನದಲ್ಲಿ ಕಛೇರಿ ಕೊಟ್ಟರು. ಮರುದಿನ ಬೆಳಿಗ್ಗೆ, ಡಿಸೆಂಬರ್ 5ರಂದು, ಎರಡನೆಯ ಬಾರಿ ಪಾರ್ಶ್ವವಾಯು ಬಡಿದು ತೀರಿಕೊಂಡರು. ಆಗ ಅವರಿಗೆ 42 ವರ್ಷ.